ಆಫ್ರಿಕಾದ ಮಲಾವಿ ದೇಶದ ಬಡ ಹಳ್ಳಿಗಳಲ್ಲಿ ಕ್ರೈಸ್ತ ಮಿಷನ್ ಬೇರೂರಿದ್ದು ಹೇಗೆ? ಬರೀ ಬೋಧನೆಯಿಂದಲಾ?

ಬರೀ ಬೋಧನೆಯಿಂದ ಅಲ್ಲ. ಸ್ಕಾಟ್ಲೆಂಡಿನವರು 1875ರಲ್ಲಿ ಮಲಾವಿ ಸರೋವರದ ದಂಡೆಯಲ್ಲಿ ಲಿವಿಂಗ್‌ಸ್ಟೋನಿಯಾ ಮಿಷನ್ ಶುರು ಮಾಡಿದರು. ಅಲ್ಲಿ ಮೊದಲ ದೀಕ್ಷಾಸ್ನಾನ ಆಗಿದ್ದು 1881ರಲ್ಲಿ! ಮಲೇರಿಯಾಕ್ಕೆ ಹಲವರು ಬಲಿಯಾದರು. ಎರಡು ಸಲ ಜಾಗ ಬದಲಿಸಿ, 1894ರಲ್ಲಿ ಎತ್ತರದ ಖೊಂಡೊವೆಗೆ ಹೋದರು.

ನನಗೆ ಇಲ್ಲಿ ಮುಖ್ಯ ಅನಿಸುವುದು ವಿಲಿಯಂ ಕೋಯಿ. ದಕ್ಷಿಣ ಆಫ್ರಿಕಾದ ಖೋಸಾ ಸಮುದಾಯದವರು, 1876ರಲ್ಲಿ ಈ ಮಿಷನ್‌ಗೆ ಬಂದರು. ಅವರ ಮನೆಮಾತು ಅಲ್ಲಿನ ಎನ್ಗೋನಿ ಜನರ ಭಾಷೆಗೆ ತುಂಬಾ ಹತ್ತಿರ. ದುಭಾಷಿಯ ಹಂಗಿಲ್ಲದೆ ಎನ್ಗೋನಿ ದೊರೆಯ ಜೊತೆ ನೇರವಾಗಿ ಮಾತಾಡಬಲ್ಲವರಾಗಿದ್ದರು. ಆ ಜನರ ನಡುವೆಯೇ ಬದುಕಿ, ನಂಬಿಕೆ ಗಳಿಸಿ, 1886ರಲ್ಲಿ ತೀರಿಕೊಂಡರು. ಮಿಷನರಿ ಅಂದ ಕೂಡಲೇ ನಮಗೆ ಬಿಳಿಯರೇ ನೆನಪಾಗುತ್ತಾರೆ, ಅಲ್ವಾ? ಹಳ್ಳಿಹಳ್ಳಿಗೆ ಹೋಗಿ ಕಲಿಸಿದವರಲ್ಲಿ ಆಫ್ರಿಕನ್ನರೇ ಜಾಸ್ತಿ.

ಮಿಷನ್‌ನ ಡಾಕ್ಟರ್ ರಾಬರ್ಟ್ ಲಾಸ್ ಔಷಧಿ ಕೊಟ್ಟರು, ಶಾಲೆ ಕಟ್ಟಿಸಿದರು. ಓದು-ಬರಹದ ಜೊತೆ ಮರಗೆಲಸ, ಮುದ್ರಣ ಕಲಿಸಿದರು. ಜನರನ್ನು ಹೆಚ್ಚು ಸೆಳೆದಿದ್ದು ಶಾಲೆಯೇ. ಆದರೆ ಬಡವರ ಮೇಲೆ ಶುಲ್ಕ ಹೇರಿದ್ದು ಸರಿಯಲ್ಲ. ಅದನ್ನು ವಿರೋಧಿಸಿ ಎಲಿಯಟ್ ಕಂವಾನಾ ಎಂಬ ವಿದ್ಯಾರ್ಥಿ ಹೊರನಡೆದರು. 1908-09ರಲ್ಲಿ ಅವರು ಬೇರೆ ಪಂಥದ ಬೋಧನೆ ಶುರು ಮಾಡಿದಾಗ ಸಾವಿರಾರು ಜನ ಅವರಿಂದ ದೀಕ್ಷಾಸ್ನಾನ ಪಡೆದರು.