ಅಜ್ಜಿಗೆ ಬೇರಿಯಂ ಕುಡಿಸಬಹುದಾ?

ಪ್ರಶ್ನೆ: ಮೇಡಂ, ನಮ್ಮಜ್ಜಿಗೆ ಅನ್ನ ನುಂಗಲು ಕಷ್ಟವಾಗುತ್ತಿದೆ. ಮೈಸೂರಿನ ಡಾಕ್ಟರು ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಯೋಣ ಅಂದಿದ್ದಾರೆ. ಬೇರಿಯಂ ವಿಷ ಅಲ್ವಾ? ಇದು ಕರಗುವುದಿಲ್ಲ, ಹೆದರಬೇಡಿ ಅಂತಾರೆ. ಆದರೆ ಅಯಾನಿಕ ಸಂಯುಕ್ತಗಳು ನೀರಿನಲ್ಲಿ ಕರಗುತ್ತವೆ ಅಂತ ನಮಗೆ ಪಾಠ ಆಗಿದೆ.
– ಪಿಯುಸಿ ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ನೋಡಮ್ಮ, ಮೊದಲು ಅಜ್ಜಿ ವಿಷಯ. ಅವರಿಗೆ ಕೊಡುವುದು ನೀರಿನಲ್ಲಿ ಕಲಸಿದ ಬೇರಿಯಂ ಸಲ್ಫೇಟ್. ವಿಷವಾಗುವುದು ಕರಗಿ ಬಿಡಿಯಾದ ಬೇರಿಯಂ ಅಯಾನು, ಅಂದರೆ ವಿದ್ಯುದಾವೇಶ ಹೊತ್ತ ಬೇರಿಯಂ ಕಣ. ಅದು ರಕ್ತಕ್ಕೆ ಸೇರಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಬಡಿತ ತಪ್ಪುತ್ತದೆ. ಈ ಸಲ್ಫೇಟ್ ಒಂದು ಲೀಟರ್ ನೀರಿಗೆ ಸುಮಾರು 2.5 ಮಿಲಿಗ್ರಾಂ ಕರಗಿದರೆ ಜಾಸ್ತಿ. ಉಳಿದದ್ದು ಎಕ್ಸ್‌ರೇಯನ್ನು ತಡೆದು ಅನ್ನನಾಳದ ಆಕಾರ ತೋರಿಸಿ, ಮಲದಲ್ಲಿ ಹೊರಗೆ ಹೋಗುತ್ತದೆ.

ಈಗ ನಿನ್ನ ಪಾಠ. ಅಯಾನಿಕ ಸಂಯುಕ್ತಗಳಲ್ಲಿ, ಅಂದರೆ ವಿರುದ್ಧ ಆವೇಶದ ಅಯಾನುಗಳು ಸೆಳೆದುಕೊಂಡು ಕೂಡಿದವುಗಳಲ್ಲಿ, ಬಹಳಷ್ಟು ಕರಗುತ್ತವೆ ಅನ್ನುವುದು ನಿಜ. ಎಲ್ಲವೂ ಕರಗುತ್ತವೆ ಅಂತ ಕಲಿಸುವುದನ್ನು ನಾವು ಮೇಷ್ಟರುಗಳು ಬಿಡಲೇಬೇಕು. ನಿಮ್ಮೂರ ಕಡೆಯ ಗದ್ದೆಗೇ ಬಾ. ಎಲೆ ಹಳದಿಯಾದರೆ ಸಿಂಪಡಿಸುವ ಮೆಗ್ನೀಶಿಯಂ ಸಲ್ಫೇಟ್ ಲೀಟರಿಗೆ 300 ಗ್ರಾಂಗೂ ಮೇಲೆ ಕರಗುತ್ತದೆ. ಚೌಳು ಭೂಮಿಗೆ ಹಾಕುವ ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಎರಡು ಗ್ರಾಂ ಚಿಲ್ಲರೆ ಅಷ್ಟೇ. ಬೇರಿಯಂ ಹೊತ್ತಿಗೆ ಮಿಲಿಗ್ರಾಂಗೆ ಇಳಿಯಿತು. ಮೂರರಲ್ಲೂ ಲೋಹಕ್ಕೂ ಸಲ್ಫೇಟಿಗೂ ನಡುವೆ ಇರುವುದು ಅಯಾನಿಕ ಬಂಧವೇ. ಸಲ್ಫೇಟಿನ ಒಳಗೆ ಗಂಧಕ, ಆಮ್ಲಜನಕಗಳ ನಡುವಿನದು ಎಲೆಕ್ಟ್ರಾನ್ ಹಂಚಿಕೊಂಡ ಸಹವೇಲೆನ್ಸೀಯ ಬಂಧ. ಕರಗಿದರೂ ಅದು ಬಿಡುವುದಿಲ್ಲ.

ಕರಗುವುದು ಅಂದರೆ ಹರಳಿಗೂ ನೀರಿಗೂ ಹಗ್ಗಜಗ್ಗಾಟ. ಮೆಗ್ನೀಶಿಯಂ ಅಯಾನು ಚಿಕ್ಕದು, ತ್ರಿಜ್ಯ 72 ಪಿಕೋಮೀಟರ್. ನೀರಿನ ಅಣುಗಳು ತೀರಾ ಹತ್ತಿರ ಬಂದು ಗಟ್ಟಿಯಾಗಿ ಹಿಡಿಯುತ್ತವೆ. ಬೇರಿಯಂ 135 ಪಿಕೋಮೀಟರ್. ನೀರಿನ ಹಿಡಿತ ಸಡಿಲ. ಹಾಗಾದರೆ ಹರಳಿನ ಹಿಡಿತವೂ ಸಡಿಲವಾಗಬೇಕಲ್ವಾ? ಆಗುತ್ತದೆ, ಆದರೆ ಅಷ್ಟಿಲ್ಲ. ಸಲ್ಫೇಟ್ ಮೊದಲೇ ದೊಡ್ಡದು, ಪಕ್ಕದ ಲೋಹ ಸ್ವಲ್ಪ ಹಿಗ್ಗಿದರೆ ದೂರದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಹಾಗಾಗಿ ಬೇರಿಯಂ ಸಲ್ಫೇಟಿನಲ್ಲಿ ಹರಳೇ ಗೆಲ್ಲುತ್ತದೆ. ಹೈಡ್ರಾಕ್ಸೈಡ್ ಚಿಕ್ಕ ಅಯಾನು. ಅಲ್ಲಿ ಆಟ ತಿರುಗುಮುರುಗು: ಮೆಗ್ನೀಶಿಯಂ ಹೈಡ್ರಾಕ್ಸೈಡ್ ಕರಗುವುದೇ ಕಷ್ಟ, ಬೇರಿಯಂನದು ಚೆನ್ನಾಗಿ ಕರಗುತ್ತದೆ.

ಬೇರಿಯಂ ಕ್ಲೋರೈಡ್ ಕೂಡ ಸುಲಭವಾಗಿ ಕರಗುತ್ತದೆ, ಅದಕ್ಕೇ ವಿಷ. ಹತ್ತನೇ ತರಗತಿಯಲ್ಲಿ ಅದಕ್ಕೆ ಸೋಡಿಯಂ ಸಲ್ಫೇಟ್ ಬೆರೆಸಿ ಬಿಳಿ ಪ್ರಕ್ಷೇಪ ನೋಡಿರುತ್ತೀಯ. ಅದೇ ಅಜ್ಜಿಯ ಬೇರಿಯಂ ಸಲ್ಫೇಟ್. ಕರಗುವ ಬೇರಿಯಂ ನುಂಗಿದವರಿಗೆ ಡಾಕ್ಟರು ಕರಗುವ ಸಲ್ಫೇಟ್ ಕುಡಿಸುವುದೂ ಇದೇ ಲೆಕ್ಕದಲ್ಲಿ.

ನೀರಿನಲ್ಲಿ ಕರಗದಿದ್ದರೆ ಸಾಕು ಅಂತ ಮಾತ್ರ ತಿಳಿಯಬೇಡ. ಬೇರಿಯಂ ಕಾರ್ಬೊನೇಟ್ ಕೂಡ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಆದರೆ ಹೊಟ್ಟೆಯ ಆಮ್ಲ ಅದನ್ನು ಕರಗಿಸಿಬಿಡುತ್ತದೆ. ಹಿಂದೆ ಅದನ್ನು ಇಲಿ ಪಾಷಾಣವಾಗಿ ಬಳಸುತ್ತಿದ್ದರು. ಸಲ್ಫೇಟ್ ಆ ಆಮ್ಲಕ್ಕೂ ಬಗ್ಗುವುದಿಲ್ಲ.

ನೀರು ಕುಡಿದಾಗ ಅಜ್ಜಿಗೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತಿದ್ದರೆ ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ಹೇಳು. ಆಮೇಲೆ ಮಲ ಬೆಳ್ಳಗಾದರೆ ಗಾಬರಿ ಬೇಡ. ಮಲಬದ್ಧತೆ ಆಗಬಹುದು, ಡಾಕ್ಟರು ಬೇಡ ಅನ್ನದಿದ್ದರೆ ನೀರು ಜಾಸ್ತಿ ಕುಡಿಸು.