ಗೋಥೆನ್‌ಬರ್ಗಿಗೆ ಬರುವ ಮುಂಚೆ ಮಗಳ ಕೈಗೆ ಚಮಚ ಕೊಡಿ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅದಕ್ಕೇ ಸ್ವಲ್ಪ ಸಲಿಗೆಯಿಂದ ಬರೆಯುತ್ತೇನೆ. ಯಜಮಾನರಿಗೆ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕೆಲಸ ಸಿಕ್ಕಿದೆ, ಮಗಳಿಗೆ ಮೂರು ವರ್ಷ, ತುತ್ತು ಕೊಟ್ಟರೆ ಮಾತ್ರ ತಿನ್ನುತ್ತಾಳೆ, ಅದೂ ಮೊಬೈಲ್ ಮುಂದಿರಬೇಕು, ನೀವು ಸಸ್ಯಾಹಾರಿಗಳು. ಅಲ್ಲಿಯ ಪ್ರೀಸ್ಕೂಲಿಗೆ ಡಬ್ಬಿ ಕಳಿಸಬಹುದಾ, ರಾಗಿ ಸಿಗುತ್ತಾ, ಕುಕ್ಕರ್ ತರಬೇಕಾ ಅಂತ ಕೇಳಿದ್ದೀರಿ. ಓದುತ್ತಾ ನಗು ಬಂತು. ನಾವು ಸ್ವೀಡನ್ನಿಗೆ ಬಂದಾಗ ನನ್ನ ಮಗನಿಗೂ ಇದೇ ವಯಸ್ಸು, ಇದೇ ಹಟ. ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜಾಸ್ತಿ ಅವನ ರಾಗಿ ಸರಿ ಹಿಟ್ಟೇ ಇತ್ತು.

ಡಬ್ಬಿ ಬೇಕಾಗಿಲ್ಲ. ಇಲ್ಲಿಯ ಪ್ರೀಸ್ಕೂಲಿಗೆ ಫೋರ್‌ಸ್ಕೂಲಾ ಅನ್ನುತ್ತಾರೆ. ಬೆಳಗ್ಗೆ ಬೇಗ ಬಿಟ್ಟರೆ ತಿಂಡಿ, ಹನ್ನೊಂದು ಹನ್ನೊಂದೂವರೆಗೆ ಬಿಸಿ ಊಟ, ಎರಡೂವರೆ ಸುಮಾರಿಗೆ ಮೆಲ್ಲನ್‌ಮೋಲ್ ಅನ್ನುವ ಸಣ್ಣ ತಿಂಡಿ. ಎಲ್ಲ ಅವರೇ ಕೊಡುತ್ತಾರೆ, ಕಟ್ಟುವ ಫೀಸಿನಲ್ಲೇ ಸೇರಿರುತ್ತದೆ. ಮುಂದೆ ಶಾಲೆಗೆ ಸೇರಿದ ಮೇಲೂ ಮಧ್ಯಾಹ್ನದ ಊಟ ಪುಕ್ಕಟೆ, ಅದು ಕಾನೂನಿನಲ್ಲೇ ಇದೆ. ಬೆಂಗಳೂರಿನಲ್ಲಿ ಬೆಳಗ್ಗೆ ಆರಕ್ಕೆ ಎದ್ದು ಟಿಫನ್ ಬಾಕ್ಸಿಗೆ ಏನು ಹಾಕಲಿ ಅಂತ ತಲೆ ಕೆರೆದುಕೊಂಡವರಿಗೆ ಇದು ಹಬ್ಬವೇ.

ಸಸ್ಯಾಹಾರದ ವಿಷಯ ಮಾತ್ರ ಬಿಡಿಸಿ ಹೇಳಿ. ಸೇರಿಸುವಾಗ ಒಂದು ಫಾರಂ ಇರುತ್ತದೆ, ಅದರಲ್ಲಿ ಬರೆಯಿರಿ. ಸುಮ್ನೆ ವೆಜಿಟೇರಿಯನ್ ಅಂದರೆ ಮೊಟ್ಟೆ ತಿನ್ನುತ್ತಾಳೆ ಅಂತ ತಿಳಿದುಕೊಳ್ಳುತ್ತಾರೆ. ಕೆಲವರು ಮೀನು ಓಕೆ ಅಲ್ವಾ ಅಂತಲೂ ಕೇಳುತ್ತಾರೆ. ಗುರುವಾರ ಬಟಾಣಿ ಸೂಪು, ಜತೆಗೆ ಪ್ಯಾನ್‌ಕೇಕ್ ಮಾಡುವುದು ಇಲ್ಲಿಯ ಹಳೇ ಪದ್ಧತಿ. ಸೂಪಿನಲ್ಲಿ ಹಂದಿ ಮಾಂಸ ಇರುತ್ತದೆ, ಪ್ಯಾನ್‌ಕೇಕಿನಲ್ಲಿ ಮೊಟ್ಟೆ. ಮಾಂಸ ಇಲ್ಲದ ಸೂಪು ಬೇರೆ ಮಾಡಿಕೊಡುತ್ತಾರೆ, ಆದರೆ ಮೊಟ್ಟೆ ಬೇಡ ಅಂದರೆ ಅದನ್ನು ನೀವೇ ಬಾಯಿಬಿಟ್ಟು ಹೇಳಬೇಕು. ಅಂಗಡಿಯ ಮಿಠಾಯಿಯಲ್ಲೂ ಜೆಲಟಿನ್ ಇದೆಯಾ ನೋಡಿಕೊಳ್ಳಿ, ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವಂಥದ್ದು. ಎಷ್ಟೋ ಫೋರ್‌ಸ್ಕೂಲಾಗಳಲ್ಲಿ ಅಲರ್ಜಿಯ ಭಯಕ್ಕೆ ಕಡಲೆಕಾಯಿ, ಗೋಡಂಬಿ ಒಳಗೆ ಬಿಡುವುದಿಲ್ಲ. ಹುಟ್ಟುಹಬ್ಬಕ್ಕೆ ಅಂತ ಚಿಕ್ಕಿ ಹಿಡಿದುಕೊಂಡು ಹೋಗಬೇಡಿ.

ಇನ್ನು ನಿಮ್ಮ ದೊಡ್ಡ ಚಿಂತೆಗೆ ಬರುತ್ತೇನೆ. ತುತ್ತು.

ಸೇರಿಸಿದ ಹೊಸದರಲ್ಲಿ ಅಪ್ಪನೋ ಅಮ್ಮನೋ ಮಗುವಿನ ಜತೆ ಹೋಗಿ ಕೂರಬೇಕು, ಮಗುವಿಗೆ ಜಾಗ ರೂಢಿಯಾಗಲಿ ಅಂತ. ನಾನೂ ಕೂತಿದ್ದೆ. ಮೊಣಕಾಲೆತ್ತರದ ಮೇಜು, ಸುತ್ತ ಪುಟ್ಟ ಕುರ್ಚಿ. ನನ್ನ ಮಗನಷ್ಟೇ ಇದ್ದ ಒಂದು ಹುಡುಗಿ ಆಲೂಗಡ್ಡೆಯ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ಎರಡು ತುಂಡು ಹಾಕಿಕೊಂಡು ಪಕ್ಕದವನಿಗೆ ದಾಟಿಸಿದಳು. ಸಣ್ಣ ಜಗ್ಗಿನಿಂದ ತಾವೇ ಹಾಲು ಬಗ್ಗಿಸಿಕೊಳ್ಳುತ್ತಿದ್ದರು. ಚೆಲ್ಲಿದರೆ ಒರೆಸುವ ಬಟ್ಟೆಯೂ ಮಕ್ಕಳ ಕೈಗೇ. ನನ್ನ ಮಗ ಕುರ್ಚಿಯಲ್ಲಿ ಕೂತು, ಮುಖ ಮೇಲೆತ್ತಿ, ಬಾಯಿ ತೆರೆದ. ತುತ್ತು ಬರುತ್ತದೆ ಅಂತ. ಟೀಚರು ಅವನ ಕೈಗೆ ಚಮಚ ಕೊಟ್ಟು, ನಕ್ಕು, ತಮ್ಮ ತಟ್ಟೆಯಲ್ಲಿದ್ದದ್ದನ್ನು ತಿನ್ನತೊಡಗಿದರು. ಇಲ್ಲಿ ಟೀಚರುಗಳೂ ಮಕ್ಕಳ ಜತೆಗೇ ಕೂತು ಅದೇ ಊಟ ಮಾಡುತ್ತಾರೆ. ಅವನು ಬಾಯಿ ತೆರೆದೇ ಇದ್ದ. ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡ. ಉಳಿದ ಮಕ್ಕಳು ತಟ್ಟೆ ಎತ್ತಿಟ್ಟರು, ಇವನೂ ಎದ್ದ. ಒಂದು ಅಗುಳೂ ಒಳಗೆ ಹೋಗಿರಲಿಲ್ಲ.

ತಿನ್ನಿಸಲಾ ಅಂತ ಕೇಳಿದೆ. ಬೇಡ, ಹಸಿದಾಗ ತಿನ್ನುತ್ತಾನೆ ಅಂದರು. ಇವರಿಗೆ ಕರುಳು ಅನ್ನುವುದೇ ಇಲ್ವಾ ಅನ್ನಿಸಿತು. ನಮ್ಮೂರಲ್ಲಾಗಿದ್ದರೆ ಆಯಾ ಇರಲಿ, ಬೀದಿಯಲ್ಲಿ ಹೋಗುವವರೂ ಒಂದು ತುತ್ತು ತಿನ್ನು ಕಂದ ಅನ್ನುತ್ತಿದ್ದರು. ಸಂಜೆ ಟ್ರ್ಯಾಮಿನಲ್ಲಿ ಮನೆಗೆ ಬರುವಾಗ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡಿದ್ದ ಚಪಾತಿ ರೋಲು ತುರುಕುತ್ತಿದ್ದೆ. ಹಾಗಾಗಿ ಮಾರನೇ ದಿನವೂ ಅವನಿಗೆ ಅಲ್ಲಿ ತಿನ್ನುವ ದರ್ದು ಇರಲಿಲ್ಲ. ಟ್ರ್ಯಾಮಿನ ಊಟ ನಿಂತ ಮೇಲೆಯೇ ಅಲ್ಲಿ ಬಾಯಾಡಿಸಿದ. ಮೊದಲು ತಿಂದದ್ದು ಕ್ನೆಕೆಬ್ರೋಡ್, ಬೆಣ್ಣೆ ಸವರಿದ ಗಟ್ಟಿ ಒಣ ರೊಟ್ಟಿ. ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿ ತಿನ್ನುವವರಿಗೆ ಇದು ಹೊಸದಲ್ಲ ಬಿಡಿ.

ಮಕ್ಕಳ ಆರೋಗ್ಯ ನೋಡುವ ಬಿವಿಸಿ ಅಂತ ಬಡಾವಣೆಗೊಂದು ಕ್ಲಿನಿಕ್ ಇರುತ್ತದೆ. ಅಲ್ಲಿಯ ನರ್ಸು ಹೇಳಿದ್ದು ಇಷ್ಟೇ. ಏನು ಕೊಡಬೇಕು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೆಲಸ, ಎಷ್ಟು ತಿನ್ನಬೇಕು ಅನ್ನುವುದು ಮಗುವಿನ ಕೆಲಸ. ತೂಕದ ಚಾರ್ಟಿನಲ್ಲಿ ಪಕ್ಕದ ಮನೆ ಮಗುವಿನ ಗೆರೆ ನೋಡಬೇಡಿ, ನಿಮ್ಮ ಮಗು ತನ್ನದೇ ಗೆರೆ ಹಿಡಿದು ಹೋಗುತ್ತಿದೆಯಾ ನೋಡಿ ಸಾಕು. ಕೇಳಲು ಸುಲಭ. ರಾತ್ರಿ ಊರಿಂದ ವಿಡಿಯೋ ಕಾಲ್ ಬಂದು, ಯಾಕೋ ಮಗು ಇಳಿದು ಹೋಗಿದೆಯಲ್ಲೇ ಅಂದಾಗ ಗೊತ್ತಾಗುತ್ತದೆ ಕಷ್ಟ. ಆದರೂ ನರ್ಸು ಹೇಳಿದ್ದೇ ಸರಿ ಅಂತ ಈಗ ನನಗೂ ಅನ್ನಿಸುತ್ತದೆ. ಈಗ ಅವನು ಬಿಸಿಬೇಳೆಬಾತಿನಲ್ಲಿ ಬೀನ್ಸ್ ಕೂಡ ಆರಿಸಿ ತೆಗೆಯುವುದಿಲ್ಲ. ನಮ್ಮಣ್ಣನ ಮಕ್ಕಳಿಗೆ ಬೆಂಗಳೂರಲ್ಲಿ ಇನ್ನೂ ಕಾರ್ಟೂನ್ ಹಾಕಿಯೇ ತಿನ್ನಿಸುತ್ತಾರೆ. ಹೆಮ್ಮೆ ಅಂದರೆ ಹೆಮ್ಮೆಯೇ.

ಆದರೆ ಒಂದು ಮಾತು ಹೇಳಲೇಬೇಕು. ಅಮ್ಮ ಅರಸೀಕೆರೆಯಿಂದ ಬೇಸಿಗೆಯಲ್ಲಿ ಬಂದಿದ್ದರು. ಬಂದ ಮಾರನೇ ದಿನವೇ ಅನ್ನಕ್ಕೆ ತಿಳಿಸಾರು, ತುಪ್ಪ ಹಾಕಿ ಮೆತ್ತಗೆ ಕಲಸಿ, ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ತುತ್ತು ಎತ್ತಿದರು. ಅವನು ಮುಖ ಹಿಂದೆ ತೆಗೆದು, "ಅಜ್ಜಿ, ನಂಗೆ ಕೈ ಇದ್ಯಲ್ಲ" ಅಂದ. ಒರಟಾಗಿ ಅಲ್ಲ, ವಿಷಯ ತಿಳಿಸುವ ಹಾಗೆ. ಅಮ್ಮ ನಕ್ಕು ಆ ತುತ್ತನ್ನು ತಾವೇ ಬಾಯಿಗೆ ಹಾಕಿಕೊಂಡರು. ಆಮೇಲೆ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ ಮೊಮ್ಮಗ ತಾನೇ ತಿಂತಾನೆ ಅಂತ ಕೊಚ್ಚಿಕೊಂಡರು ನಿಜ. ಇರುವಷ್ಟು ದಿನ ಮತ್ತೆ ತುತ್ತು ಎತ್ತಲಿಲ್ಲ ಅನ್ನುವುದೂ ನಿಜ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ. ತಪ್ಪು ಯಾರದ್ದೂ ಅಲ್ಲ, ಆದರೂ ಚುಚ್ಚುತ್ತದೆ. ಅದಕ್ಕೇ ಹೇಳುವುದು, ದಿನದ ಊಟ ಅವಳ ಕೈಯಲ್ಲೇ ಆಗಲಿ. ವಾರಕ್ಕೊಂದು ರಾತ್ರಿ ಮಾತ್ರ ಎಲ್ಲರೂ ನೆಲದ ಮೇಲೆ ಸುತ್ತ ಕೂತು ಕೈತುತ್ತು ಹಾಕಿಸಿಕೊಳ್ಳಿ, ನೀವೂ, ಯಜಮಾನರೂ. ಬೆಳದಿಂಗಳ ಊಟ ಅಂತ ಮಾತ್ರ ಕಾಯಬೇಡಿ. ಜೂನಿನಲ್ಲಿ ಇಲ್ಲಿ ರಾತ್ರಿ ಹತ್ತಕ್ಕೂ ಬೆಳಕು.

ರಾಗಿ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಮೊಳಕೆ ಕಟ್ಟಿದ ಸರಿ ಹಿಟ್ಟು ಮನೆಯಿಂದ ತನ್ನಿ. ಅನ್ನದ ಬಗ್ಗೆ ಒಂದು ವಿಷಯ ಕೇಳಿದರೆ ಗಾಬರಿಯಾಗಬಹುದು. ಅಕ್ಕಿಯಲ್ಲಿ ಆರ್ಸೆನಿಕ್ ಅನ್ನುವ ವಿಷದ ಅಂಶ ಇರುತ್ತದೆ ಅಂತ ಇಲ್ಲಿಯ ಆಹಾರ ಇಲಾಖೆ ಮಕ್ಕಳಿಗೆ ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಅನ್ನ ಬೇಡ ಅನ್ನುತ್ತದೆ. 6 ವರ್ಷದೊಳಗಿನವರಿಗೆ ಅಂಗಡಿಯ ರೈಸ್ ಕೇಕ್ ಅಂತೂ ಬೇಡವೇ ಬೇಡ. ಎರಡು ಹೊತ್ತೂ ಅನ್ನ ಉಣ್ಣುವ ನಮಗೆ ಇದನ್ನು ಹೇಳಿದರೆ ಹೇಗೆ? ನಾನು ಮಾಡುವುದು ಹೀಗೆ. ಒಂದು ದಿನ ರಾಗಿ ದೋಸೆ, ಒಂದು ದಿನ ಚಪಾತಿ, ಒಂದು ದಿನ ಉಪ್ಪಿಟ್ಟು. ಅನ್ನ ಮಾಡಿದ ದಿನ ಕುಕ್ಕರ್ ಪಕ್ಕಕ್ಕಿಟ್ಟು, ಜಾಸ್ತಿ ನೀರಿನಲ್ಲಿ ಬೇಯಿಸಿ ಗಂಜಿ ಬಸಿದು ಚೆಲ್ಲುತ್ತೇನೆ. ಹಾಗೆ ಮಾಡಿದರೆ ಆರ್ಸೆನಿಕ್ ಕಡಿಮೆಯಾಗುತ್ತದೆ ಅಂತ ಇಲಾಖೆಯೇ ಹೇಳುತ್ತದೆ. ನಮ್ಮಜ್ಜಿ ಬಸಿಯುತ್ತಿದ್ದದ್ದೂ ಹಾಗೇ, ಏನು, ಅವರು ಗಂಜಿ ಚೆಲ್ಲುತ್ತಿರಲಿಲ್ಲ ಅಷ್ಟೇ.

ಮೊಸರನ್ನಕ್ಕೆ ಟರ್ಕಿಶ್ ಯೋಗರ್ಟ್ ತನ್ನಿ. ಫಿಲ್ ಅನ್ನುವ ಪ್ಯಾಕೆಟ್ ಹುಳಿ ಹಾಲು ಲೋಳೆ ಲೋಳೆ, ಮಜ್ಜಿಗೆಹುಳಿಗೆ ನಡೆಯುತ್ತದೆ.

ಸಿಹಿ ತಿಂಡಿಗೆ ಇಲ್ಲಿ ಶನಿವಾರ. ಲೋರ್ದಾಗ್ಸ್‌ಗೂಡಿಸ್ ಅಂತ, ಮಕ್ಕಳು ಅಂಗಡಿಯಲ್ಲಿ ತಾವೇ ಪೊಟ್ಟಣಕ್ಕೆ ಮಿಠಾಯಿ ತುಂಬಿಕೊಳ್ಳುತ್ತಾರೆ, ಉಳಿದ ದಿನ ಕೇಳುವುದಿಲ್ಲ. ಇದರ ಹಿಂದಿನ ಕಥೆ ಮಾತ್ರ ಅಷ್ಟು ಸಿಹಿಯಲ್ಲ. 1940ರ ದಶಕದಲ್ಲಿ ಲುಂಡ್ ಊರಿನ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿದ್ದ ಬುದ್ಧಿಮಾಂದ್ಯರಿಗೆ ಅಂಟುವ ಟಾಫಿ ತಿನ್ನಿಸಿ ಹಲ್ಲು ಹೇಗೆ ಹುಳುಕಾಗುತ್ತದೆ ಅಂತ ನೋಡಿದರು. ಆಮೇಲೆ 1957ರಲ್ಲಿ ಸರ್ಕಾರದವರು ಮಿಠಾಯಿ ವಾರಕ್ಕೊಂದೇ ದಿನ ಇರಲಿ ಅಂದರು. ನಿಮ್ಮ ಮಗಳೂ ಬೇಗ ಒಗ್ಗಿಕೊಳ್ಳುತ್ತಾಳೆ. ನೀವೇ ಬುಧವಾರ ಬರ್ಫಿ ಡಬ್ಬಿ ತೆಗೆದು ಕೆಡಿಸಬೇಡಿ.

ರಾತ್ರಿ ಊಟ ಆರಕ್ಕೆ ಮುಗಿಸಿ. ಹನ್ನೊಂದಕ್ಕೆ ಉಂಡ ಮಗು ಎಂಟೂವರೆ ತನಕ ಕಾಯುವುದಿಲ್ಲ, ಬಿಸ್ಕತ್ತು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಡಿ ವಿಟಮಿನ್ ಹನಿಯನ್ನು ಇಲ್ಲಿ ಎಲ್ಲ ಮಕ್ಕಳಿಗೂ 2 ವರ್ಷದ ತನಕ ಹಾಕುತ್ತಾರೆ. ನಮ್ಮಂಥ ಮೈಬಣ್ಣದವರಿಗೆ ಆಮೇಲೂ ಮುಂದುವರಿಸಿ ಅನ್ನುತ್ತಾರೆ. ಮೊದಲ ಸಲ ಬಿವಿಸಿಗೆ ಹೋದಾಗಲೇ ಕೇಳಿ, ಚಳಿಗಾಲದ ಕತ್ತಲು ಶುರುವಾಗುವ ತನಕ ಕಾಯಬೇಡಿ.

ತುಪ್ಪದ ಡಬ್ಬಿ ಹೊತ್ತು ತರಬೇಡಿ. ಯುರೋಪ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಏರ್‌ಪೋರ್ಟಿನಲ್ಲಿ ಕಿತ್ತುಕೊಂಡರೆ ಹೊಟ್ಟೆ ಉರಿಯುತ್ತದೆ. ಉಪ್ಪಿಲ್ಲದ ಬೆಣ್ಣೆ ಇಲ್ಲಿ ಚೆನ್ನಾಗಿರುತ್ತದೆ, ಮನೆಯಲ್ಲೇ ಕಾಯಿಸಿಕೊಳ್ಳಿ. ಕುಕ್ಕರ್ ತನ್ನಿ, ಇಂಡಕ್ಷನ್ ಒಲೆಗೆ ಆಗುವ ತಳದ್ದು ನೋಡಿ ತನ್ನಿ. ಗ್ಯಾಸ್ಕೆಟ್ ಒಂದೆರಡು ಜಾಸ್ತಿ ಇಟ್ಟುಕೊಳ್ಳಿ, ಇಲ್ಲಿ ಅದೇ ಅಳತೆಯದ್ದು ಹುಡುಕುವಷ್ಟರಲ್ಲಿ ಸಾಕಾಗುತ್ತದೆ.