ಘೋರ್ಪಡೆಯವರು ಪಂಚಾಯತಿಗೆ ಕೊಟ್ಟದ್ದೇನು, ಕಳೆದದ್ದೇನು?

ಪ್ರಶ್ನೆ: ಸಂಡೂರಿನ ಶಾಸಕರಾಗಿದ್ದ ಎಂ.ವೈ. ಘೋರ್ಪಡೆಯವರನ್ನು ನಮ್ಮ ಕಡೆ ಪಂಚಾಯತ್ ರಾಜ್‌ನ ಶಿಲ್ಪಿ ಎಂದು ಹೊಗಳುವವರಿದ್ದಾರೆ. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರು ಕಟ್ಟಿದ್ದನ್ನು ಕೆಡವಿದವರು ಎಂದು ದೂರುವವರೂ ಇದ್ದಾರೆ. ಯಾವುದು ಸರಿ?
– ಓದುಗರೊಬ್ಬರು, ತೋರಣಗಲ್ಲು

ಉತ್ತರ: ಘೋರ್ಪಡೆಯವರು 1972ರಿಂದ 1977ರವರೆಗೆ ದೇವರಾಜ ಅರಸು ಅವರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದರು. ಮುಂದೆ ಗ್ರಾಮೀಣಾಭಿವೃದ್ಧಿ ಖಾತೆ ವಹಿಸಿಕೊಂಡಾಗಲೂ ಅವರು ಪಂಚಾಯತಿಯನ್ನು ಲೆಕ್ಕಪತ್ರದ ಕಡೆಯಿಂದಲೇ ನೋಡಿದರೆಂಬುದು ನನ್ನ ಅನಿಸಿಕೆ.

ನಜೀರ್ ಸಾಬರ 1983ರ ಕಾನೂನಿನಂತೆ 1987ರಲ್ಲಿ ಚುನಾವಣೆ ನಡೆದು, ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದರಂತೆ ಮಂಡಲ ಪಂಚಾಯತಿಗಳೂ, ಅವುಗಳ ಮೇಲೆ ಜಿಲ್ಲಾ ಪರಿಷತ್ತುಗಳೂ ಬಂದವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಜಿಲ್ಲೆಯ ಅಧಿಕಾರಿಗಳು ಅವರ ಮುಂದೆ ಕಡತ ಹಿಡಿದು ನಿಲ್ಲಬೇಕಾಗಿತ್ತು. ಇದು ಅನೇಕ ಶಾಸಕರಿಗೆ ರುಚಿಸಲಿಲ್ಲವೆಂಬುದು ಗುಟ್ಟೇನಲ್ಲ. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಘೋರ್ಪಡೆಯವರು ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಆಗಿನ ಕಾಂಗ್ರೆಸ್ ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. ಕೆಡವಿದರೆಂಬ ದೂರಿನ ಬೇರು ಇಲ್ಲಿದೆ, ಮತ್ತು ಅದು ಆಧಾರವಿಲ್ಲದ ದೂರಲ್ಲ.

ಆದರೆ ಪಂಚಾಯತಿಗಳನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಮೇಲೆ, ಅದಕ್ಕೆ ಹೊಂದುವ ಕಾನೂನನ್ನು ಕರ್ನಾಟಕ ತಡಮಾಡದೆ ಮೇ 10ರಂದೇ ಜಾರಿಗೊಳಿಸಿತು. ಘೋರ್ಪಡೆಯವರು ಮುಂದೆ ನಿಂತು ತಂದ ಈ ಕಾನೂನು ಮಂಡಲವನ್ನು ಒಡೆದು, ಐದರಿಂದ ಏಳು ಸಾವಿರ ಜನರಿಗೆ ಒಂದು ಗ್ರಾಮ ಪಂಚಾಯತಿ ಮಾಡಿತು. ಹಿಂದೆ ಶಾಸಕರೇ ಅಧ್ಯಕ್ಷತೆ ವಹಿಸುತ್ತಿದ್ದ ತಾಲ್ಲೂಕು ಸಮಿತಿಯ ಜಾಗದಲ್ಲಿ ಚುನಾಯಿತ ತಾಲ್ಲೂಕು ಪಂಚಾಯತಿಯನ್ನು ತಂದಿತು. ಮಹಿಳೆಯರ ಮೀಸಲಾತಿಯನ್ನು ಶೇ 25ರಿಂದ ಮೂರನೇ ಒಂದಕ್ಕೆ ಏರಿಸಿತು. ಇಂದು ನೀವು ಮನೆಪಟ್ಟಿ, ನಳದ ಪಟ್ಟಿ ಕಟ್ಟಲಿಕ್ಕೆ, ಇಲ್ಲವೆ ಮನೆ ಮಾರುವ ಮುಂಚೆ ಫಾರಂ ನಂಬರ್ 9 (ಪಂಚಾಯತಿ ಕೊಡುವ ಆಸ್ತಿ ದಾಖಲೆ) ತೆಗೆಸಲಿಕ್ಕೆ ತಾಲ್ಲೂಕಿನ ತನಕ ಹೋಗದೆ ಹತ್ತಿರದ ಪಂಚಾಯತಿ ಕಟ್ಟೆ ಹತ್ತುತ್ತೀರಲ್ಲ, ಆ ಪಂಚಾಯತಿ ಈ ಕಾನೂನಿನ ಕೂಸು.

ಹಾಗಾಗಿ ಕೆಳಗಿನ ಹಂತಕ್ಕೆ ಅವರಿಂದ ಲಾಭವಾಯಿತು, ಜಿಲ್ಲೆಯ ಹಂತಕ್ಕೆ ನಷ್ಟವಾಯಿತು ಎಂದೇ ನಾನು ಹೇಳುತ್ತೇನೆ. ಗ್ರಾಮ ಪಂಚಾಯತಿಗಳಿಗೆ 1993ರ ಡಿಸೆಂಬರ್‌ನಲ್ಲೇ ಚುನಾವಣೆ ನಡೆಯಿತು. ಜಿಲ್ಲಾ, ತಾಲ್ಲೂಕು ಪಂಚಾಯತಿಗಳು 1995ರವರೆಗೆ, ಅಂದರೆ ಬೇರೆ ಪಕ್ಷದ ಸರ್ಕಾರ ಬರುವವರೆಗೆ ಕಾಯಬೇಕಾಯಿತು. (2021ರಲ್ಲಿ ಅವಧಿ ಮುಗಿದ ಮೇಲೂ ಇವೆರಡಕ್ಕೆ ವರ್ಷಗಟ್ಟಲೆ ಚುನಾವಣೆ ಇಲ್ಲದಾಯಿತು. ಆ ವಿಷಯದಲ್ಲಿ ಯಾವ ಪಕ್ಷವೂ ಇನ್ನೊಂದನ್ನು ಬೊಟ್ಟು ಮಾಡುವಂತಿಲ್ಲ.) ಎಸ್.ಎಂ. ಕೃಷ್ಣ ಅವರ ಸರ್ಕಾರದಲ್ಲಿ ಅದೇ ಖಾತೆಗೆ ಮರಳಿದ ಘೋರ್ಪಡೆಯವರು ಆಗಲೂ ಹೆಚ್ಚು ಗಮನ ಕೊಟ್ಟದ್ದು ಊರೊಳಗಿನ ಕೆಲಸಗಳಿಗೆ. ಸ್ವಚ್ಛ ಗ್ರಾಮ ಯೋಜನೆಯ ಸಿಮೆಂಟು ರಸ್ತೆ, ಚರಂಡಿಗಳು ಆ ಕಾಲದವು.

ಪ್ರಶ್ನೆ: ಗಣಿಗಾರಿಕೆಯ ಬಗ್ಗೆ ಅವರ ನಿಲುವನ್ನು ಹೇಗೆ ಅಳೆಯಬೇಕು?
– ಅದೇ ಓದುಗರು

ಉತ್ತರ: ಸಂಡೂರು ಮ್ಯಾಂಗನೀಸ್ ಕಂಪನಿಯನ್ನು 1954ರಲ್ಲಿ ಸ್ಥಾಪಿಸಿದ್ದು ಅವರ ರಾಜಮನೆತನ, ಆದ್ದರಿಂದ ಈ ವಿಷಯದಲ್ಲಿ ಅವರ ಮಾತು ಯಾವುದೇ ಇರಲಿ, ಆ ಹಿನ್ನೆಲೆಯನ್ನು ಪಕ್ಕಕ್ಕಿಟ್ಟು ಓದಲಾಗದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು 1993ರ ಕಾನೂನು ಮುಟ್ಟದೆ ಬಿಟ್ಟ ಒಂದು ಸಂಗತಿ. ಅದಿರಿನ ಲಾರಿಗಳ ಕೆಂಪು ಧೂಳು ಕೂರುವುದು ಪಂಚಾಯತಿಯ ಮನೆಗಳ ಮೇಲೆ, ಅದಿರಿನ ರಾಜಧನ (ರಾಯಲ್ಟಿ) ಹೋಗುವುದು ರಾಜ್ಯದ ಬೊಕ್ಕಸಕ್ಕೆ. 2015ರ ಕೇಂದ್ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ, ಅಂದರೆ ಗಣಿಬಾಧಿತ ಊರುಗಳಿಗೆಂದು ಗಣಿ ಕಂಪನಿಗಳಿಂದ ಪಡೆಯುವ ನಿಧಿಯ, ಹಣವನ್ನೂ ಹಂಚುವವರು ಜಿಲ್ಲೆಯ ಮಟ್ಟದಲ್ಲೇ ಕೂತಿದ್ದಾರೆ. ನಿಮ್ಮ ಊರಿನ ಗ್ರಾಮಸಭೆ ಕಾಮಗಾರಿಗಳ ಪಟ್ಟಿಯನ್ನು ಕಳಿಸಬಹುದು, ತೀರ್ಮಾನ ಮಾತ್ರ ಬಳ್ಳಾರಿಯಲ್ಲಿ ಆಗುತ್ತದೆ.